ಗೋಡೆಯ ಮೇಲಿನ ಭವಿತಾ

ಗೋಡೆಯಿಂದ ಇಳಿಸಿದ ತನ್ನದೇ ಫೋಟೋವನ್ನು ಎದೆಗೊತ್ತಿಕೊಂಡು ಭವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ, ಅತ್ತೆ ಸೇವಂತಿ ಮೀನು ಕೊಯ್ಯುತ್ತಿದ್ದರು. ಕತ್ತಿಯ ಕೈ ಅಲ್ಲೇ ನಿಂತಿತು.

“ಅದನ್ನು ಎಂತಕೆ ತಂದದ್ದು? ಅಂಗಡಿಯಲ್ಲಿ ಇರಬೇಕಾದ್ದು ಅದು!”

“ಇನ್ನು ಅಲ್ಲಿ ಇರುದಿಲ್ಲ ಅತ್ತೆ...”

ಚೌಕಟ್ಟಿನೊಳಗಿದ್ದದ್ದು ಅವಳ ಫಾರ್ಮಸಿಸ್ಟ್ ಸರ್ಟಿಫಿಕೇಟು. ಮೂಲೆಯಲ್ಲಿ ಮದುವೆಗೆ ಮುಂಚಿನ ಅವಳ ಮುಖ. ಪುತ್ತೂರಿನ ಆ ಮೆಡಿಕಲ್ ಅಂಗಡಿ ಎಂಟು ವರ್ಷಗಳಿಂದ ನಡೆಯುತ್ತಿದ್ದದ್ದು ಆ ಒಂದು ಕಾಗದದ ಬಲದಿಂದ. ಕೌಂಟರಿನಲ್ಲಿ ಕೂರುತ್ತಿದ್ದವರು ಮಾತ್ರ ಗಂಡನ ಅಣ್ಣ ಜಯಪ್ರಕಾಶ್. ಔಷಧಿಯ ಬಗ್ಗೆ ಅವರು ಓದಿದವರಲ್ಲ. ಗಂಡ ಸುಜಯ್ ಸರಕು ತರುತ್ತಿದ್ದ. ಓದಿದ ಭವಿತಾ ಅಂಗಡಿಯ ಹಿಂದಿನ ಮನೆಯಲ್ಲಿ ಅನ್ನ ಬಸಿಯುತ್ತಿದ್ದಳು. “ಮನೆಯ ಹೆಂಗಸು ಅಂಗಡಿಯಲ್ಲಿ ಕೂರುದು ಬೇಡ” ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. ಅವಳೂ ಸುಮ್ಮನಾಗಿದ್ದಳು. ಸುಮ್ಮನಿರುವುದು ಒಂದು ತಪ್ಪಾಗಬಹುದೆಂದು ಅವಳಿಗೆ ಆಗ ತಿಳಿದಿರಲಿಲ್ಲ...

ತಿಳಿದದ್ದು ಕಳೆದ ತಿಂಗಳು, ಕೆದಂಬಾಡಿಯ ಕುಕ್ಕಪ್ಪ ಹಿತ್ತಲ ಬಾಗಿಲಿಗೆ ಬಂದ ದಿನ. ಅವನ ತುಟಿಯೆಲ್ಲ ಹುಣ್ಣು.

“ಫೋಟೋದ ಅಮ್ಮ ನೀವೇಯಾ? ನೀವು ತೀರಿಹೋದವರು ಅಂತ ಗ್ರಹಿಸಿದ್ದೆ ಮಾರಾಯ್ರೆ!” ನಗಲು ಹೋಗಿ ನೋವಿಗೆ ಮುಖ ಕಿವಿಚಿದ. “ನಾಲ್ಕು ದಿನ ಆಯ್ತು, ಗಂಜಿ ಇಳಿಯುದಿಲ್ಲ...”

ಅವನು ಚಾಚಿದ ಡಾಕ್ಟರರ ಚೀಟಿಯಲ್ಲಿ, ಹೆಚ್ಚಾದರೆ ವಿಷವಾಗುವ ಗಂಟುನೋವಿನ ಮಾತ್ರೆ ವಾರಕ್ಕೊಂದು ಎಂದಿತ್ತು. ಕವರಿನ ಮೇಲೆ ಜಯಪ್ರಕಾಶರ ಅಕ್ಷರದಲ್ಲಿ, ದಿನಕ್ಕೊಂದು!

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಕುಕ್ಕಪ್ಪ ಉಳಿದುಕೊಂಡ. “ಅವನು ಸತ್ತಿಲ್ಲವಲ್ಲ, ಎಂತಕೆ ಇಷ್ಟು ದೊಡ್ಡದು ಮಾಡುದು?” ಎಂದರು ಭಾವ. ಇನ್ನು ಕೌಂಟರಿನಲ್ಲಿ ತಾನೇ ಕೂರುತ್ತೇನೆಂದು ಅವಳು ಹೇಳಿದ ರಾತ್ರಿ ಸುಜಯ್ ತಟ್ಟೆಯಿಂದ ತಲೆಯೆತ್ತಲಿಲ್ಲ.

ಈಗ ಅವನು ಅಡುಗೆಮನೆಯ ಬಾಗಿಲಲ್ಲಿ ಅವಳ ಹಿಂದೆ ಬಂದು ನಿಂತಿದ್ದ.

“ಅದನ್ನು ತೆಗೆದ್ರೆ ಅಂಗಡಿ ಮುಚ್ಚಬೇಕು. ಗೊತ್ತುಂಟಾ ನಿನಗೆ?” ಅತ್ತೆ ಎದ್ದರು.

“ಗೊತ್ತುಂಟು. ನನ್ನನ್ನು ಅಲ್ಲಿ ಕೂರಿಸಿ ಅತ್ತೆ, ಈಗಲೇ ಹೋಗಿ ಮೊಳೆಗೆ ಹಾಕ್ತೇನೆ.”

“ಅಷ್ಟು ಹುಡುಗಿಯರನ್ನು ಬಿಟ್ಟು ನಿನ್ನನ್ನು ತಂದದ್ದೇ ಆ ಕಾಗದಕ್ಕೆ!”

ಭವಿತಾ ಗಂಡನ ಕಡೆ ತಿರುಗಿದಳು.

“ಹೌದಾ?”

“ಅಮ್ಮ ಏನೋ ಸಿಟ್ಟಿನಲ್ಲಿ...”

ಅಲ್ಲ ಎಂಬ ಒಂದು ಮಾತು ಸಾಕಿತ್ತು. ಅವಳು ಕಾದಳು. ಅದು ಬರಲಿಲ್ಲ...

“ಹಾಗಾದ್ರೆ ಕಾಗದ ಹೋಗುವಲ್ಲಿಗೆ ನಾನೂ ಹೋಗ್ತೇನೆ ಅತ್ತೆ.”

ಆಲಂಕಾರಿನಲ್ಲಿ ಬಸ್ಸು ನಿಲ್ಲುವಲ್ಲೇ ಅವಳದೇ ಮೆಡಿಕಲ್ ಅಂಗಡಿಗೆ ಒಂದು ಕೋಣೆ ಸಿಕ್ಕಿತು. ಕರಿಮಣಿಯೊಂದನ್ನು ಬಿಟ್ಟು ಮೈಮೇಲಿನ ಚಿನ್ನವೆಲ್ಲ ಕಪಾಟು, ಫ್ರಿಜ್ಜು, ಔಷಧಿಯಾಯಿತು. ಮೊದಲ ತಿಂಗಳುಗಳಲ್ಲಿ ಜನ ಬಂದದ್ದು ಬಸ್ಸಿಗೆ ಕಾಯುವಾಗ ನೆರಳಿಗೆ. ಆಮೇಲೆ ತಲೆನೋವಿಗೆ, ಆಮೇಲೆ ಚೀಟಿ ಹಿಡಿದುಕೊಂಡು. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಅದನ್ನು ಅವರ ಬಾಯಿಂದಲೇ ಹೇಳಿಸದೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. “ಪಾಠ ಒಪ್ಪಿಸಿ ಆಯ್ತು ಟೀಚರೇ, ಇನ್ನು ಮಾತ್ರೆ ಕೊಡ್ತೀರಾ?” ಎಂದು ರಿಕ್ಷಾದ ಸಾಹುಲ್ ಹಮೀದ್ ಕೈಕಟ್ಟಿ ನಿಲ್ಲುತ್ತಿದ್ದ. ವರ್ಷ ಕಳೆಯುವಾಗ ಕೋಡಿಂಬಾಳದಿಂದಲೂ ಜನ ಹುಡುಕಿಕೊಂಡು ಬರತೊಡಗಿದರು. ದಿನವಿಡೀ ಊರವರ ಹೊಟ್ಟೆ, ನಿದ್ರೆ, ನೋವುಗಳನ್ನು ವಿಚಾರಿಸುವ ಅವಳನ್ನು ಮಾತ್ರ ಊಟ ಆಯ್ತಾ ಎಂದು ಕೇಳುವವರಿರಲಿಲ್ಲ. ಸುಜಯನ ಫೋನು ಮೊದಲು ಚಿಕ್ಕದಾಯಿತು, ಆಮೇಲೆ ನಿಂತಿತು. ಪುತ್ತೂರಿನ ಅಂಗಡಿಯ ಮೊಳೆಗೆ ಬೇರೊಬ್ಬ ಹುಡುಗಿಯ ಸರ್ಟಿಫಿಕೇಟು ಬಂದಿದೆ, ಬಾಗಿಲು ಮತ್ತೆ ತೆರೆದಿದೆ ಎಂದು ಯಾರೋ ಹೇಳಿದರು.

ಒಂದು ಮಧ್ಯಾಹ್ನ ಬಸ್ಸಿನಿಂದ ಸೇವಂತಿ ಇಳಿದರು. ಒಬ್ಬರೇ.

“ಕೂತುಕೊಳ್ಳಿ ಅತ್ತೆ...”

ಅವರು ಕೂರಲಿಲ್ಲ. ಚೀಟಿಯನ್ನು ಕೌಂಟರಿನ ಮೇಲಿಟ್ಟರು. “ಪ್ರೆಶರಿನದ್ದು.”

“ಅಲ್ಲಿ ನಮ್ಮದೇ... ನಿಮ್ಮದೇ ಅಂಗಡಿ ಉಂಟಲ್ಲ?”

“ಉಂಟು. ಗೋಡೆಯಲ್ಲಿ ಒಂದು ಫೋಟೋನೂ ಉಂಟು.” ಸೇವಂತಿ ರಸ್ತೆಯ ಕಡೆ ನೋಡಿದರು. “ಆ ಹುಡುಗಿಯನ್ನು ಇವತ್ತಿನವರೆಗೆ ನಾನು ಕಂಡದ್ದಿಲ್ಲ.”

ಭವಿತಾ ಹದಿನೈದು ಮಾತ್ರೆಗಳ ಎರಡು ಪಟ್ಟಿ ತೆಗೆದು, ಕವರಿನ ಮೇಲೆ ಬರೆದಳು.

“ಹೇಗೆ ತೆಗೊಳ್ಳುದು, ಒಮ್ಮೆ ಹೇಳಿ.”

“ಬೆಳಿಗ್ಗೆ ಒಂದು... ತಿಂಡಿ ಆದ ಮೇಲೆ...” ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, ಒಂದು ಪಟ್ಟಿಯನ್ನು ಹಿಂದಕ್ಕೆ ತಳ್ಳಿದರು. “ಹದಿನೈದು ದಿನದ್ದು ಸಾಕು.”

“ಅಷ್ಟು ದೂರದಿಂದ ತಿಂಗಳಿಗೆ ಎರಡು ಸಲ ಬರಬೇಕಾಗ್ತದೆ ಅತ್ತೆ!”

“ಗೊತ್ತುಂಟು.”

ಪುತ್ತೂರಿನ ಬಸ್ಸು ಬಂತು. ಮನೆಗೆ ಬಾ ಎಂದು ಅವರು ಕರೆಯಲಿಲ್ಲ. ಸುಜಯ್ ಹೇಗಿದ್ದಾನೆಂದು ಇವಳು ಕೇಳಲಿಲ್ಲ. ಬಸ್ಸು ಮರೆಯಾದ ಮೇಲೆ ಭವಿತಾ ಉಳಿದ ಪಟ್ಟಿಯನ್ನು ಇನ್ನೊಂದು ಕವರಿಗೆ ಹಾಕಿ, ಅದರ ಮೇಲೆ ‘ಅತ್ತೆ’ ಎಂದಷ್ಟೇ ಬರೆದು ಬೇರೆಯಾಗಿ ಎತ್ತಿಟ್ಟಳು. ಆಮೇಲೆ ಶಟರನ್ನು ಅರ್ಧಕ್ಕೆ ಎಳೆದು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಒಬ್ಬಳೇ ಊಟಕ್ಕೆ ಕುಳಿತಳು.