ಕಾಗದದ ರೊಟ್ಟಿ

ಶಹಾಬಾದಿನ ನಮ್ಮ ಓಣಿಯಲ್ಲಿ ಕಾಗದದ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಭಾವನ ಹೆಂಡತಿ, ನನ್ನ ನೆಗೆಣ್ಣಿ ನೀಲಾಬಾಯಿಯ ಮಗಳಿಗೆಂದು ಗೊಂಬೆಮನೆಯೊಂದನ್ನು ಮಾಡಿದ್ದೆ. ನೆಲಕ್ಕೆ ಪರಸಿಕಲ್ಲಿನ ಚೂರು, ಮಿಕ್ಕಿದ್ದೆಲ್ಲ ಕಾಗದ. ಒಲೆ, ಕಪ್ಪು ಬಳಿದ ಹಂಚು, ಬುಟ್ಟಿ ತುಂಬ ಅಂಗಿಯ ಗುಂಡಿಯಷ್ಟಗಲದ ಜೋಳದ ರೊಟ್ಟಿ. ಒಂದೊಂದು ರೊಟ್ಟಿಗೂ ಊದಿನಕಡ್ಡಿಯ ತುದಿಯಿಂದ ಸುಟ್ಟ ಕಲೆ ಮೂಡಿಸಿದ್ದೆ.

ನೀಲಾಬಾಯಿ ಬಗ್ಗಿ ನೋಡಿ ನಕ್ಕಳು. "ಎಲ್ಲಾ ಭಾಳ ಛಂದ ಆಗ್ಯಾದ ಶೈಲಾ. ಆದ್ರ ರೊಟ್ಟಿಗಿ ನೀರು ಹಚ್ಚೋ ಅರಿವಿ ಎಲ್ಲ್ಯದ? ನೀರು ಹಚ್ಚದಿದ್ರ ರೊಟ್ಟಿ ಬಿರಿತಾವ."

"ಗೊಂಬಿ ಏನ್ ರೊಟ್ಟಿ ಬಡಿತಾವೇನಕ್ಕಾ?" ಎಂದೆ. ತಪ್ಪು ತೋರಿಸಿದ್ದು ಚುಚ್ಚಿತ್ತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಗೊಂಬೆಮನೆಯಿದ್ದ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು, ಬೆಂಕಿಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದಷ್ಟು ಸಣ್ಣಗೆ. ನಾನು ಹೊಸ್ತಿಲು ದಾಟುತ್ತಲೇ ನಿಂತಿತು. ಒಳಗೆ ಜೋಳದ ಹಿಟ್ಟು ಬೆಂದ ವಾಸನೆ. ಕಾಗದದ ಹಂಚಿನ ಮೇಲೆ ಬೆರಳಿಟ್ಟೆ, ಬಿಸಿಯಿತ್ತು. ಸುಟ್ಟಿರಲಿಲ್ಲ, ಮುರುಟಿರಲೂ ಇಲ್ಲ. ಸುಳ್ಳೇಕೆ ಹೇಳಲಿ, ಆ ಹೆದರಿಕೆಯಲ್ಲೂ ನನ್ನ ಕೈಕೆಲಸ ನೋಡಿ ಎದೆಯುಬ್ಬಿತು.

ಹಂಚಿನ ಪಕ್ಕ ಉಗುರಿನಷ್ಟು ನೇರಳೆ ಅರಿವೆ ಮುದ್ದೆಯಾಗಿ ಬಿದ್ದಿತ್ತು. ಮುಟ್ಟಿದರೆ ಒದ್ದೆ. ಆ ಬಣ್ಣದ ಬಟ್ಟೆ ನಮ್ಮ ಮನೆಯಲ್ಲೇ ಇಲ್ಲ.

ಸಂಜೆ ನೀಲಾಬಾಯಿ ಬಂದು ನೋಡಿದಳು. "ಈಗ ಅರಿವಿ ಇಟ್ಟಿ ನೋಡು, ಶಾಣ್ಯಾಕಿ!" ಎಂದಳು. ನಾನು ಹೂಂ ಎಂದೆ.

ಆದರೆ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ರೊಟ್ಟಿ ನಾನು ಮಾಡಿದ್ದಲ್ಲ. ಅದರ ಅಂಚು ನನ್ನವಕ್ಕಿಂತ ತೆಳ್ಳಗಿದೆ. ಅಷ್ಟು ತೆಳ್ಳಗೆ ಮಾಡಲು ನನ್ನಿಂದ ಇವತ್ತಿಗೂ ಆಗಿಲ್ಲ.