ಕೈಮುಗಿದು ಬಿಚ್ಚಿದ ಕಂಪ್ಯೂಟರ್

ಆಯುಧಪೂಜೆ ಮುಗಿದ ಮೇಲಿನ ಸೋಮವಾರ, ಅಕ್ಟೋಬರ್ ಆರರ ಬೆಳಿಗ್ಗೆ ಒಂಬತ್ತೂವರೆಗೆ ಹೊಳಲ್ಕೆರೆ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ರಾಮಾಂಜನೇಯನಿಗೆ ನಗು ತಡೆಯಲಾಗಲಿಲ್ಲ.

"ಏನಮ್ಮ, ಕಳ್ಳ ಕಂಪ್ಯೂಟರ್ ಬಿಟ್ಟು ಅದರ ಹೊಟ್ಟೇಲಿರೋದು ಒಯ್ದ ಅಂತೀಯಾ?"

ದೂರುದಾರೆ ಸುಚಿತ್ರಾ ನಗಲಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಅವಳದು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ನೇತ್ರಾವತಿ ಒಳಗಿನಿಂದ ಬಂದು ಕುರ್ಚಿ ತೋರಿಸಿದರು.

"ಕುಂತ್ಕಳ್ರಿ. ಏನೇನು ಹೋಗೈತೆ?"

"ಎರಡು ಡಿಸ್ಕ್ ಮೇಡಂ, ಬೆರಳಿನಷ್ಟು ಗಾತ್ರದವು. ನನ್ನ ಕೆಲಸ ಎಲ್ಲಾ ಅದರಾಗೇ ಇತ್ತು. ಬಿ.ದುರ್ಗದ ಸಮುದಾಯ ಭವನಕ್ಕೆ ಮೇಲಂತಸ್ತು ಕಟ್ತಾರೆ, ಗುರುವಾರ ಕೆಲಸ ಶುರು. ಅದರ ನಕ್ಷೆ ಇವತ್ತು ಕೊಡಬೇಕಿತ್ತು."

"ಬೇರೆ ಕಡೆ ಪ್ರತಿ ಇಟ್ಟಿಲ್ವಾ?"

"ಒಂದು ಕೆಟ್ರೆ ಇನ್ನೊಂದಿರ್ಲಿ ಅಂತಾನೇ ಎರಡು ಡಿಸ್ಕ್ ಹಾಕ್ಸಿದ್ದು. ಎರಡೂ ಒಟ್ಟಿಗೇ ಹೋಗ್ತವೆ ಅಂತ ಯಾರಿಗೆ ಗೊತ್ತಿತ್ತು?"

ಅಕ್ರಮ ಪ್ರವೇಶ ಮತ್ತು ಕಳವಿನ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಸುಚಿತ್ರಾ ಭಾನುವಾರವಿಡೀ ಹಿರಿಯೂರಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಳು. ಬೀಗ ಒಡೆದಿರಲಿಲ್ಲ. ಕೀಲಿ ಮೀಟರ್ ಪೆಟ್ಟಿಗೆಯ ಮೇಲಿರುತ್ತದೆ ಎಂಬುದು ಅವಳ ಪರಿಚಯದವರಿಗೆಲ್ಲ ಗೊತ್ತು. ನಮ್ಮ ಕಡೆ ಬೀಗಕ್ಕಿಂತ ನಂಬಿಕೆ ದೊಡ್ಡದು, ಕಳ್ಳರಿಗೂ ಅದು ಚೆನ್ನಾಗಿ ಗೊತ್ತು.

ಮೇಜಿನ ಮೇಲೆ ಕಂಪ್ಯೂಟರಿನ ಕಪ್ಪು ಪೆಟ್ಟಿಗೆ ನಿಂತಿತ್ತು. ಪಕ್ಕದ ಗಾಜಿಗೆ ಪೂಜೆಯ ವಿಭೂತಿ, ಅದರ ನಡುವೆ ದಪ್ಪ ಕುಂಕುಮ. ಒಳಗಿನ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲೇ ಇತ್ತು. ಎಲ್ಲಕ್ಕಿಂತ ದುಬಾರಿ ಭಾಗ ಅದೇ ಎಂದು ಸುಚಿತ್ರಾ ಹೇಳಿದಾಗ ರಾಮಾಂಜನೇಯ ತಲೆ ಕೆರೆದುಕೊಂಡ.

"ದಡ್ಡ ನನ್ಮಗ ಇರ್ಬೇಕು ಮೇಡಂ."

"ದಡ್ಡ ಹೀಗೆ ಮಾಡ್ತಾನೇನ್ರಿ?" ನೇತ್ರಾವತಿ ತೋರಿಸಿದರು. ಪೆಟ್ಟಿಗೆಗೆ ಮುಡಿಸಿದ್ದ ಸೇವಂತಿಗೆ ಹೂವನ್ನು ಯಾರೋ ತೆಗೆದು, ಪಕ್ಕದ ತಟ್ಟೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಪೆಟ್ಟಿಗೆಯ ಬುಡದಲ್ಲಿ ನಾಲ್ಕು ಬೆರಳಿನ ಕುಂಕುಮದ ಗುರುತು, ಹಿರಿಯರ ಪಾದ ಮುಟ್ಟಿದ ಹಾಗೆ. ಪೊಲೀಸ್ ಕೆಲಸಕ್ಕೆ ಸೇರಿದಾಗಿನಿಂದ ನೇತ್ರಾವತಿ ಎಷ್ಟೋ ಕಳವು ಕಂಡಿದ್ದರು. ನಮಸ್ಕಾರ ಮಾಡಿ ಕದಿಯುವವನನ್ನು ಕಂಡಿರಲಿಲ್ಲ.

ಚಿತ್ರದುರ್ಗದಿಂದ ಬಂದ ಬೆರಳಚ್ಚು ಸಿಬ್ಬಂದಿ ಗುರುತು ಎತ್ತಿಕೊಂಡರು. ಅಷ್ಟರಲ್ಲಿ ಭವನ ಸಮಿತಿಯ ಅಧ್ಯಕ್ಷ ಅಂಜನಪ್ಪ ಬೈಕಿನಲ್ಲಿ ಬಂದಿಳಿದ.

"ನಕ್ಷೆ ಆಗಿಲ್ಲ ಅನ್ನಕ್ಕೆ ಬಾಯಿಲ್ದೆ ಈಯಮ್ಮನೇ ನಾಟಕ ಆಡ್ತೈತೆ ಮೇಡಂ!"

"ಆಗಿತ್ತು ಸರ್," ಎಂದಳು ಸುಚಿತ್ರಾ. "ಬಾಲ್ಕನಿ ಬಗ್ಗೆ ಒಂದು ಅನುಮಾನ ಬಂದು ತಡ ಆಯ್ತು. ತಿಳಿದವರನ್ನ ಕೇಳ್ದೆ, ನಂದೇ ತಪ್ಪು ಅಂದ್ರು. ಅದೊಂದು ತಿದ್ದೋದು ಬಾಕಿ ಇತ್ತು."

"ಯಾರನ್ನ ಕೇಳಿದ್ರಿ?" ನೇತ್ರಾವತಿ ತಿರುಗಿದರು.

"ತಿಳಿದವರು ಮೇಡಂ."

"ಭವನದ ಹಳೇ ನಕ್ಷೆ ಬರೆದವರು ಯಾರು?"

"ಹಳೇದು... ಈಗ ಹೆಸರು ಯಾಕೆ ಮೇಡಂ."

ಇನ್‌ಸ್ಪೆಕ್ಟರ್ ಒತ್ತಾಯಿಸಲಿಲ್ಲ. ಅಲ್ಲಿ ಒತ್ತಾಯಿಸಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ಅವರು ಚಿತ್ರದುರ್ಗದಲ್ಲಿ ಆ ಕಂಪ್ಯೂಟರ್ ಜೋಡಿಸಿಕೊಟ್ಟ ಸುದೀಪನ ಅಂಗಡಿಯಲ್ಲಿದ್ದರು. ಭಾನುವಾರವಿಡೀ ಅಂಗಡಿಯಲ್ಲೇ ಇದ್ದುದನ್ನು ಅವನು ತನ್ನ ಕ್ಯಾಮೆರಾದಲ್ಲೇ ತೋರಿಸಿದ.

"ಎರಡು ಡಿಸ್ಕ್ ಎಲ್ಲೆಲ್ಲಿ ಇದ್ವು?"

"ಒಂದು ಕಾರ್ಡಿನ ಕೆಳಗೆ ಮೇಡಂ. ಇನ್ನೊಂದು ಒಳಗಿನ ಮದರ್‌ಬೋರ್ಡಿನ ಬೆನ್ನಿಗೆ. ಹಿಂದಿನ ತಗಡು ಬಿಚ್ಚದೆ ಕಾಣಲ್ಲ. ಅಲ್ಲಿ ಜಾಗ ಇರೋ ಬೋರ್ಡು ಬಾಳ ಕಡಿಮೆ. ಯಾರೂ ಹುಡುಕಕ್ಕೆ ಹೋಗಲ್ಲ."

"ಅಂಥ ಬೋರ್ಡ್ ನೀನ್ಯಾಕೆ ಹಾಕ್ದೆ?"

"ನಾನಲ್ಲ, ಗುರುರಾಜ್ ಸರ್ ಆರಿಸಿದ್ದು. ಸುಚಿತ್ರಕ್ಕಂಗೆ ನಕ್ಷೆ ಕಲಿಸಿದ ಮೇಷ್ಟ್ರು. ನಾನು ಬಣ್ಣದ ಲೈಟಿಂದು, ಕಂಪ್ಯೂಟರ್ ಗೇಮಿನ ಕಾರ್ಡಿಂದು ತೋರಿಸಿದ್ರೆ ಬೈದ್ರು. ನಕ್ಷೆಗೆ ಅಂತಾನೇ ಮಾಡಿರೋ ಕಾರ್ಡ್ ಬೇಕು ಅಂದ್ರು. ಪ್ರೊಸೆಸರ್‌ದಾಗೆ ಲೆಕ್ಕ ಮಾಡೋ ಕೋರು ಹದಿನಾರಿರೋದು ಬೇಡ, ಇರೋವಷ್ಟು ಚುರುಕಾಗಿರ್ಲಿ ಅಂದ್ರು. ಮೆಮೊರಿ ಅಂತೂ ತಪ್ಪು ತಾನೇ ಹಿಡಿದು ತಿದ್ಕೊಳ್ಳೋದೇ ಆಗ್ಬೇಕು, ಒಂದು ಅಂಕಿ ತಪ್ಪಿದ್ರೂ ಕಟ್ಟಡ ಬೀಳುತ್ತೆ ಅಂತ ಒಂದು ವಾರ ಕಾಯ್ದು ತರಿಸಿದ್ರು. ಸ್ವಂತ ಮಗಳಿಗೂ ಯಾರೂ ಹಂಗೆ ಮಾಡಲ್ಲ."

ಗುರುರಾಜ್ ಅವರ ಆಫೀಸು ಎರಡು ಬೀದಿ ಆಚೆ. ಅರವತ್ತು ದಾಟಿದ, ಬಿಳಿ ಅಂಗಿಯ, ಮೆದು ಮಾತಿನ ಮನುಷ್ಯ. "ಬರ್ರಿ, ಬರ್ರಿ" ಎಂದು ತಾವೇ ಕುರ್ಚಿ ಎಳೆದು ಹಾಕಿದರು. ನಂತರ ತಮ್ಮ ಹಳೆಯ ನಕ್ಷೆ ಹಲಗೆಯ ಮುಂದೆ ಕೂರುವ ಮೊದಲು ಬಲಗೈಯ ಬೆರಳುಗಳಿಂದ ಅದರ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪ್ರತಿದಿನದ ರೂಢಿ. ತಾವು ಮಾಡಿದ್ದು ಅವರಿಗೇ ಗೊತ್ತಾಗಿರಲಿಲ್ಲ.

ಬೇಡ, ಈ ಮನುಷ್ಯ ಬೇಡ ಎಂದು ನೇತ್ರಾವತಿಯವರ ಮನಸ್ಸು ಹೇಳಿತು. ಆದರೂ ಕೇಳಿದರು.

"ಸರ್, ಭಾನುವಾರ ಎಲ್ಲಿದ್ರಿ?"

"ಹೊಸದುರ್ಗದಲ್ಲಿ, ತಂಗಿ ಮನೇಲಿ."

"ನಿಮ್ಮ ಬೆರಳಚ್ಚು ಬೇಕಾಗೈತೆ."

ಅವರು ಕೈ ಚಾಚಿದರು, ಯಾಕೆಂದು ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ವರದಿ ಬಂತು. ಕುಂಕುಮದಲ್ಲಿ ಮೂಡಿದ್ದ ಬೆರಳು ಗುರುರಾಜ್ ಅವರದೇ. ಹೊಸದುರ್ಗದ ತಂಗಿ ಅಣ್ಣನನ್ನು ಕಂಡು ತಿಂಗಳಾಗಿತ್ತು. ಹತ್ತೂವರೆಗೆ ಪಂಚರ ಸಮ್ಮುಖದಲ್ಲಿ ಆಫೀಸಿನ ಶೋಧನೆ ಶುರುವಾಗುವ ಮೊದಲೇ ಅವರು ಎದ್ದು ತಮ್ಮ ಕೈವಾರದ ಪೆಟ್ಟಿಗೆ ತೆರೆದರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಡಿಸ್ಕ್.

"ಒಡೆದು ಹಾಕೋಣ ಅಂತ ಸುತ್ತಿಗೆ ತಗೊಂಡೆ. ಕೈ ಬರಲಿಲ್ಲ," ಎಂದರು.

ಸುದ್ದಿ ಕೇಳಿದ ಸುಚಿತ್ರಾ ಠಾಣೆಯ ಬೆಂಚಿನ ಮೇಲೆ ಕೂತಳು. "ಇಲ್ಲ ಮೇಡಂ, ತಪ್ಪು ತಿಳ್ಕಂಡಿದ್ದೀರಿ. ನಂಗೆ ಪೆನ್ಸಿಲ್ ಹಿಡಿಯೋದು ಕಲಿಸಿದ್ದು ಅವರು," ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ರಾಮಾಂಜನೇಯ ನೀರು ತಂದುಕೊಟ್ಟ, ಅವನ ಕಣ್ಣೂ ಒದ್ದೆಯಾಗಿತ್ತು.

ಗುರುರಾಜ್ ಹೇಳಿಕೆ ಕೊಡುವಾಗ ಏನನ್ನೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷದ ಹಿಂದೆ ಬಿ.ದುರ್ಗದ ಭವನದ ನಕ್ಷೆ ಬರೆದವರು ಅವರೇ. ಆಧಾರವಿಲ್ಲದೆ ಹೊರಚಾಚಿದ ಬಾಲ್ಕನಿಗೆ ಕಬ್ಬಿಣದ ಸರಳು ಮೇಲ್ಭಾಗದಲ್ಲಿ ಹಾಯಬೇಕು, ಭಾರ ತಡೆಯುವುದು ಅದೇ. ಗಡಿಬಿಡಿಯಲ್ಲಿ ಅವರು ಕೆಳಭಾಗದಲ್ಲಿ ಬರೆದರು. ಸಹಿ ಹಾಕಿದ ಎಂಜಿನಿಯರ್ ನೋಡಲಿಲ್ಲ, ಮೇಸ್ತ್ರಿ ಬರೆದಂತೆ ಕಟ್ಟಿದ. ಈಗ ಸುಚಿತ್ರಾ ಹಳೆಯ ನಕ್ಷೆಯನ್ನು ಹೊಸ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಎಲ್ಲ ಕಡೆಯಿಂದ ತಿರುಗಿಸಿ ನೋಡಿದಾಗ ಅದು ಕಂಡಿತ್ತು. ಶುಕ್ರವಾರ ಅವಳು ಫೋನ್ ಮಾಡಿ ಕೇಳಿದ್ದು ಅವರನ್ನೇ.

"ಡಿಸ್ಕ್ ಕದ್ದು ಏನ್ ಮಾಡೋರಿದ್ರಿ?"

"ತಪ್ಪಿರೋ ಪ್ರತಿ ಅವಳ ಹತ್ರ ಉಳೀಬಾರ್ದು ಅಂತ ತಂದೆ. ಹಳೇ ನಕ್ಷೆ ತಿದ್ದಿ, ಸರಳು ಮೇಲೆ ಹಾಕಿ, ಮೂಲ ಪ್ರತಿ ಇದೇ ಅಂತ ಕೊಡೋಣ ಅಂತಿದ್ದೆ."

"ಕಾಗದ ತಿದ್ದುತ್ತಿದ್ರಿ. ಬಾಲ್ಕನಿ?"

ಕೇಳಿದ್ದೇ ನೇತ್ರಾವತಿ ಅಂಜನಪ್ಪನಿಗೆ ಫೋನ್ ಹಚ್ಚಿದರು.

"ಬಾಲ್ಕನಿ ಮೇಲೆ ಯಾರಿದ್ದಾರ್ರಿ?"

"ಹೊಲಿಗೆ ಕ್ಲಾಸಿನ ಹೆಂಗಸರು ಮೇಡಂ. ಬೆಳಕು ಚೆನ್ನಾಗೈತೆ ಅಂತ ಮಿಷನ್ ಎಲ್ಲಾ ಅಲ್ಲೇ—"

"ಮೊದ್ಲು ಇಳಿಸ್ರಿ! ಒಬ್ಬೊಬ್ಬರನ್ನೇ. ಕೆಳಗೂ ಯಾರೂ ನಿಲ್ಬಾರ್ದು."

ಮಧ್ಯಾಹ್ನ ಎಂಜಿನಿಯರುಗಳು ಬಾಲ್ಕನಿಯ ನೆಲದ ಹಾಸು ಎಬ್ಬಿಸಿ ನೋಡಿದರು. ಬುಡದುದ್ದಕ್ಕೂ ಬಿರುಕು ಬಿಟ್ಟಿತ್ತು, ಒಂದು ಬೆರಳು ಹೋಗುವಷ್ಟು. ಮೇಲಂತಸ್ತಿನ ಗೋಡೆ ಏಳುವುದಿದ್ದದ್ದು ಅದರ ಮೇಲೇ.

ಸಂಜೆ ಐದು ಗಂಟೆಗೆ ಬಂಧನದ ಜ್ಞಾಪನ ಪತ್ರಕ್ಕೆ ಗುರುರಾಜ್ ಸಹಿ ಹಾಕಿದರು, ಎಂದಿನ ದುಂಡು ಅಕ್ಷರದಲ್ಲಿ. ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು ನೇತ್ರಾವತಿ ಒಂದೇ ಪ್ರಶ್ನೆ ಕೇಳಿದರು.

"ಶುಕ್ರವಾರ ಫೋನ್ ಮಾಡಿ ಸುಚಿತ್ರಾ ಏನಂದ್ರು ಸರ್?"

"ತಪ್ಪು ನಿಮ್ಮದು ಅನ್ನಲಿಲ್ಲ. 'ನಿಮ್ಮ ನಕ್ಷೇಲಿ ತಪ್ಪಿರೋದು ಸಾಧ್ಯನೇ ಇಲ್ಲ, ನಂಗೇ ಅರ್ಥ ಆಗಿಲ್ಲ ಸರ್' ಅಂದ್ಲು. ನಾನು ಹೌದಮ್ಮ, ನಿಂದೇ ತಪ್ಪು ಅಂದೆ." ಅವರು ಕನ್ನಡಕ ತೆಗೆದರು. "ಅವಳು ನಂಬಿದ್ಲು ಮೇಡಂ. ತಿದ್ದಿ ನಿಮ್ಮದರ ಹಾಗೇ ಮಾಡಿ ಕೊಟ್ಬಿಡ್ತೀನಿ ಅಂದ್ಲು. ನಾನು ಕದಿಯೋ ಅಗತ್ಯಾನೇ ಇರಲಿಲ್ಲ. ಅಷ್ಟು ಬೇಗ ನಂಬಿಬಿಟ್ಲಲ್ಲ, ತಿದ್ದೋವಾಗ ನಿಜ ಕಂಡ್ರೆ ಏನಂದ್ಕೊಳ್ತಾಳೋ ಅಂತ ಅದಕ್ಕೇ ಭಯ ಆಯ್ತು."

ನೇತ್ರಾವತಿ ಗೋಡೆಯ ಕ್ಯಾಲೆಂಡರ್ ನೋಡಿದರು. ಈ ಮನುಷ್ಯ ಕದಿಯದೆ ಸುಮ್ಮನಿದ್ದಿದ್ದರೆ ಇನ್ನೆರಡು ದಿನದಲ್ಲಿ ಆ ಬಾಲ್ಕನಿಯ ಮೇಲೆ ಗೋಡೆ ಏಳುತ್ತಿತ್ತು. ಹೊರಗಿನ ಬೆಂಚಿನಲ್ಲಿ ಸುಚಿತ್ರಾ ಇನ್ನೂ ಕೂತಿದ್ದಳು. ಮೇಷ್ಟ್ರನ್ನು ಜೀಪಿನತ್ತ ಕರೆತಂದಾಗ, ಪಾಠಕ್ಕೆ ಬಂದವರನ್ನು ಕಂಡ ಹಾಗೆ, ಎದ್ದು ನಿಂತಳು.