ಒಳಸುತ್ತಿನ ಮಲಕಮ್ಮ

ನಿಜಾಮನ ಆಡಳಿತ ಹೋಗಿ ಸುರಪುರದ ಕಡೆಯ ಶಾಲೆಗಳಲ್ಲಿ ಉರ್ದು ಪಾಠಗಳು ಕನ್ನಡಕ್ಕೆ ತಿರುಗುತ್ತಿದ್ದ ಕಾಲ. ವಿಜ್ಞಾನದ ಹೊಸ ಮಾಸ್ತರ ಅಯ್ಯಣ್ಣ, ಪರಮಾಣುವಿನ ಪಾಠಕ್ಕೆಂದು ರಂಗಂಪೇಟೆಯ ಬಯಲಲ್ಲಿ ಸುಣ್ಣದ ಪುಡಿಯಿಂದ ಒಂದರೊಳಗೊಂದು ಮೂರು ಸುತ್ತು ಹಾಕಿದ. ನಡುವೆ ತಾನು ನಿಂತು, ಗೆರೆಗಳ ಮೇಲೆ ಮಕ್ಕಳನ್ನು ಓಡಿಸಿದ.

ಸಂಜೆ ಮಕ್ಕಳು ಮನೆಗೆ ಹೋದರು. ಹೊರಸುತ್ತಿನಲ್ಲಿ ಹರೆಯದವಳೊಬ್ಬಳು ಮಾತ್ರ ಇನ್ನೂ ನಡೆಯುತ್ತಿದ್ದಳು, ಹೆಗಲ ಮೇಲೆ ಕರಿ ಕಂಬಳಿ.

"ಇದ್ಯಾವ ಆಟ್ರಿ, ಮಾಸ್ತರ್ರ?"

"ಪಾಠ ಇದು. ಎಲೆಕ್ಟ್ರಾನ್ ಈ ಗೆರಿ ಮ್ಯಾಲಷ್ಟ ತಿರಗತದ. ಒಳಗಿನ ಗೆರಿಗಿ ಜಿಗದ್ರ ಬೆಳಕು ಬಿಡ್ತದ."

"ಎರಡು ಗೆರಿ ನಡುವ?"

"ಅಲ್ಲಿ ಅದು ಇರಂಗೇ ಇಲ್ಲ."

"ನನ್ನಂಗ ಆತು ಬಿಡ್ರಿ," ಎಂದು ಓರೆಗಣ್ಣಲ್ಲಿ ನಕ್ಕಳು. ಹೆಸರು ಮಲಕಮ್ಮ ಅಂದಳು.

ಮರುದಿನ ಸಂಜೆ ಅವನ ಕಣ್ಣೆದುರೇ ಕೆಂಪು ಬೆಳಕು ಮಿಂಚಿತು. ಹೊರಸುತ್ತಿನಲ್ಲಿದ್ದವಳು ನಡುಸುತ್ತಿನಲ್ಲಿದ್ದಳು, ನಡುವೆ ಹೆಜ್ಜೆ ಗುರುತಿಲ್ಲ. ವಿಜ್ಞಾನ ಓದಿದವನಿಗೆ ದೆವ್ವದ ಭಯ ಇರಬಾರದು, ಅಯ್ಯಣ್ಣನಿಗೆ ಇತ್ತು. ಆದರೂ ಮಾರನೆಯ ದಿನ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೀಡಿಕೊಂಡು ಬಂದ.

ಆ ಸಲ ಬೆಳಕು ಕಾಣಲಿಲ್ಲ, ಒಳಸುತ್ತಿನದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಅವನ ಮೈಕೂದಲು ನಿಮಿರಿತು, ಅವಳು ಒಳಸುತ್ತಿಗೆ ಬಂದಿದ್ದಳು. ನಡುವೆ ನಿಂತಿದ್ದ ಅವನು ಕೈ ಚಾಚಿದ, ಒಂದು ಗೇಣು ಸಾಲಲಿಲ್ಲ.

"ಇನ್ನೊಂದಿಷ್ಟು ಬಾ."

"ಇದರ ಒಳಗ ಗೆರಿ ಎಲ್ಲಿ ಹಾಕೀರಿ? ಹೊರಗೂ ಹೋಗಾಕ ಬರವಲ್ದು. ನಿಲ್ಲಾಕೂ ಬರವಲ್ದು. ಕಾಲು ನೋಯಾಕತ್ತಾವ್ರಿ."

ಬೆಳಿಗ್ಗೆ ಕುರಿ ಹೊಡೆದುಕೊಂಡು ಹೊರಟಿದ್ದ ಬೀರಣ್ಣ ಸುಣ್ಣದ ಸುತ್ತು ಕಂಡು ನಿಂತುಬಿಟ್ಟ. ಯಾರು ಹಾಕಿದ್ದೆಂದು ಕೇಳಿದ್ದಕ್ಕೆ ಅಯ್ಯಣ್ಣ ಎಲ್ಲವನ್ನೂ ಹೇಳಿದ.

"ಅಕಿ ನನ್ನ ಮಗಳ್ರಿ," ಎಂದ ಬೀರಣ್ಣ. "ಹೋದ ಬ್ಯಾಸಿಗ್ಯಾಗ ಕಾಲರಾ ಬಂದು ಹೋದ್ಳು. ಮದಿವಿ ಆಗಲಾರದ ಸತ್ತಕಿ ಅಲೀಬಾರದಂತ ನಮ್ಮ ಮನ್ಯಾಗ ಬೂದಿಲೆ ಮೂರು ಸುತ್ತು ಹಾಕಿ ಕಟ್ಟತೀವಿ. ನನಗ ಮನಸ್ ಬರಲಿಲ್ಲ, ಅಡ್ಡಾಡ್ಲಿ ಅಂತ ಬಿಟ್ಟಿದ್ದೆ. ನೀವು ಕಟ್ಟಿ ಹಾಕೀರಿ."

"ಅಳಿಸಿಬಿಡ್ತೀನ್ರಿ."

"ಅಳಿಸಿದ್ರ ಕಟ್ಟು ಬಿಡಂಗಿಲ್ಲ. ಯಾರರ ಮನಸಾರೆ ನನ್ನಕಿ ಅಂತ ಅಂದು ಭಂಡಾರ ಹಾರಸಬೇಕು. ಅಂದ್ರ ಹೋಗ್ತಾಳ. ಮತ್ತ ಬರಂಗಿಲ್ಲ."

ಸೊಂಟದ ಚೀಲದಿಂದ ಭಂಡಾರದ ಅರಿಷಿಣ ಪುಡಿ ತೆಗೆದುಕೊಟ್ಟು ಅವನು ಕುರಿಗಳ ಹಿಂದೆ ನಡೆದ.

ಬಾಯಿ ಮುಚ್ಚಿಕೊಂಡಿದ್ದರೆ ಅವಳು ದಿನಾ ಸಂಜೆ ಇಲ್ಲೇ, ಗೇಣು ದೂರದಲ್ಲಿ. ಅಯ್ಯಣ್ಣನಿಗೆ ಆ ಆಸೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಸಂಜೆ ಅವಳು ಕುಂಟುತ್ತಿದ್ದಳು.

"ನೀ ನನ್ನಕಿ, ಮಲಕಮ್ಮ," ಎಂದು ಭಂಡಾರ ಹಾರಿಸಿದ.

ಹಳದಿ ಪುಡಿ ಇಳಿಯುವಷ್ಟರಲ್ಲಿ ಅವಳು ನಡುಸುತ್ತಿನಲ್ಲಿದ್ದಳು. ಮತ್ತೆ ನೋಡಿದರೆ ಹೊರಸುತ್ತಿನಲ್ಲಿ. ಅಲ್ಲಿ ತಿರುಗಿ ನಿಂತಳು.

"ಖರೇನ ಅಂದ್ರೇನ್ರಿ, ಇಲ್ಲ ನನ್ನ ಕಳಸಾಕ ಅಂದ್ರಿ?"

"ಸುಳ್ಳಾಗಿದ್ರ ನೀ ಇನ್ನೂ ನನ್ನ ಮಗ್ಗಲದಾಗ ಇರತಿದ್ದಿ."

ಅವಳ ಮುಖ ನಾಚಿ ಕೆಂಪಾಯಿತು. ಸೆರಗು ಸರಿಮಾಡಿಕೊಂಡು, ಗೆರೆಯಾಚೆಗೆ ಹೋದಳು.